ನಲವತ್ತು ಜನ, ಅರ್ಧ ರಸ್ತೆ

ದಾವಣಗೆರೆಯಲ್ಲಿ ಪ್ರತಿಭಟನೆ ಅಂದರೆ ದಾರಿ ಯಾರನ್ನೂ ಕೇಳಬೇಕಿಲ್ಲ. ಜಯದೇವ ವೃತ್ತದಲ್ಲಿ ಸೇರುವುದು, ಘೋಷಣೆ ಕೂಗುತ್ತಾ ಎಸಿ (ಉಪವಿಭಾಗಾಧಿಕಾರಿ) ಕಚೇರಿವರೆಗೆ ಹೋಗುವುದು, ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಚದುರುವುದು. ಭದ್ರಾ ನೀರಿಗೆ ರೈತರು, ಗೌರವಧನಕ್ಕೆ ಅಂಗನವಾಡಿ ಅಕ್ಕಂದಿರು, ಸ್ಕಾಲರ್‌ಶಿಪ್ಪಿಗೆ ಕಾಲೇಜು ಹುಡುಗರು, ಎಲ್ಲರದೂ ಅದೇ ದಾರಿ. ನಾವೂ ಎಷ್ಟೋ ಸಲ ಅವರ ಹಿಂದೆ ಹೋಗಿದ್ದೇವೆ. ಆಶಾ ಕಾರ್ಯಕರ್ತೆಯರು ಧರಣಿ ಕೂತಾಗ ನೀರಿನ ಬಾಟ್ಲಿ ಹಂಚಿದ್ದೇವೆ. ಆದರೆ ನಮ್ಮ ಹೆಸರಲ್ಲಿ, ನಾವೇ ಅರ್ಜಿ ಕೊಟ್ಟು ಆ ದಾರಿಯಲ್ಲಿ ನಡೆದಿರಲಿಲ್ಲ.

ನಾವು ಅಂದರೆ ಮಂಗಳಮುಖಿಯರು, ಜೋಗತಿಯರು, ಜೊತೆಗೆ ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಒಂದಷ್ಟು ಗೇ ಹುಡುಗರು. ನಾನು ಎಚ್‌ಐವಿ ತಡೆ ಕಾರ್ಯಕ್ರಮವೊಂದರಲ್ಲಿ ಫೀಲ್ಡ್ ಕೆಲಸ ಮಾಡುತ್ತೇನೆ. ಹರಿಹರ, ಜಗಳೂರು, ಚನ್ನಗಿರಿ ಎಲ್ಲಾ ಸುತ್ತುತ್ತೇನೆ. ಹಾಗಾಗಿ ಜನರನ್ನು ಸೇರಿಸುವುದು ನನಗೆ ಕಷ್ಟದ ಕೆಲಸ ಅಲ್ಲ. ಸೇರಲು ಒಂದು ಜಾಗ ಸಿಗುವುದೇ ಕಷ್ಟ.

2025ರ ನವೆಂಬರ್ 20ಕ್ಕೆ ಜಾಥಾ ಮಾಡೋಣ ಅಂತ ಮಾತಾಯಿತು. ಕೊಲೆಯಾದ, ಹಿಂಸೆಗೆ ಬಲಿಯಾದ ಟ್ರಾನ್ಸ್ ಜನರನ್ನು ನೆನೆಯುವ ದಿನ ಅದು. 1999ರಲ್ಲಿ ಅಮೆರಿಕದಲ್ಲಿ ಶುರುವಾಗಿ ಈಗ ಎಲ್ಲ ಕಡೆ ಮಾಡುತ್ತಾರೆ. ಬರೀ ಮೇಣದ ಬತ್ತಿ ಹಚ್ಚಿ ಬರೋದು ಬೇಡ, ಮನವಿನೂ ಕೊಡೋಣ ಅಂದವಳು ನನ್ನ ಚೇಲ, ಅಂದರೆ ಶಿಷ್ಯೆ. ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಅದು ಆಗಿದ್ದು 2021ರಲ್ಲಿ. ಆ ಮೀಸಲಾತಿಗೆ ಅರ್ಜಿ ಹಾಕೋದು ಹೇಗೆ ಅಂತ ಹೇಳಿಕೊಡುವವರು ಯಾರೂ ಇಲ್ಲ ಅನ್ನುವುದು ಅವಳ ಸಿಟ್ಟು. ಅವಳು ಪಿಯುಸಿ ಪಾಸು.

ಇನ್ನೊಂದು ಕಾರಣವೂ ಇತ್ತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರಲ್ಲ, ಅದಾದ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆ ತಂತು. ಆಗಸ್ಟ್‌ನಲ್ಲಿ ಸದನಕ್ಕೆ ಬಂದು, ವಿರೋಧ ಎದ್ದು, ಸದನ ಸಮಿತಿಗೆ ಹೋಯಿತು. ಆ ಸಾವುಗಳನ್ನು ನೋಡಿದವರಿಗೆ ಇಂಥ ಕಾನೂನು ಬೇಕು ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು. ಆದರೆ ನಮ್ಮ ಜೊತೆಗಿರುವ ಲಾ ಓದುವ ಹುಡುಗ ಅದನ್ನು ಮೊಬೈಲಲ್ಲಿ ಓದಿ ಹೇಳಿದಾಗ ಬೇರೆಯೇ ಕಾಣಿಸಿತು. 50,000ಕ್ಕಿಂತ ಜಾಸ್ತಿ ಜನ ಸೇರುವುದಾದರೆ ಎಸ್‌ಪಿ ಅಥವಾ ಕಮಿಷನರ್ ಅನುಮತಿ, 7,000ದಿಂದ 50,000ಕ್ಕೆ ಡಿವೈಎಸ್‌ಪಿ, 7,000ಕ್ಕಿಂತ ಕಡಿಮೆ ಇದ್ದರೆ ಠಾಣಾಧಿಕಾರಿ. ಹತ್ತು ದಿನ ಮೊದಲೇ ಅರ್ಜಿ. ಅನುಮತಿ ಇಲ್ಲದೆ ಮಾಡಿದರೆ ಜೈಲು. ಏಳು ಸಾವಿರದ ಒಳಗೆ ಅಂದರೆ ನಾವು ನಲವತ್ತು ಜನವೂ ಬಂದೆವು, ಅಲ್ವಾ?

ಜೂನ್‌ನಲ್ಲಿ ಸುದ್ದಿಯಾದ ಮೊದಲ ಕರಡಿನಲ್ಲಿ ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ತೆಪ್ಪೋತ್ಸವ, ಉರುಸ್ ಇವಕ್ಕೆಲ್ಲ ವಿನಾಯಿತಿ ಇತ್ತು. ಅದನ್ನು ಕೇಳಿದ ನಮ್ಮ ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: "ಹಂಗಾದ್ರೆ ಚಿಂತೆ ಯಾಕೆ? ಎಲ್ಲಮ್ಮನ ಕೊಡ ಹೊತ್ಕಂಡು ಹೋಗಾಣ. ಯಾರು ತಡೀತಾರೆ ನೋಡಾಣ."

ಅಮ್ಮ ಅಂದರೆ ನನ್ನ ಗುರು. ಎಪ್ಪತ್ತರ ಹತ್ತಿರ ವಯಸ್ಸು. ಉಚ್ಚಂಗಿದುರ್ಗದ ಜಾತ್ರೆಗೆ ಚಿಕ್ಕಂದಿನಿಂದ ಹೋಗುತ್ತಿದ್ದವರು, ಎಲ್ಲಮ್ಮನ ಹಾಡಿಗೆ ಮೀಟುವ ತಂತಿವಾದ್ಯ ಚೌಡಿಕೆ ಬಾರಿಸುವುದರಲ್ಲಿ ಎತ್ತಿದ ಕೈ. ಅವರ ಮಾತಿಗೆ ಎಲ್ಲರೂ ನಕ್ಕರು. ಆದರೆ ಅವತ್ತಿನ ಜಗಳ ಶುರುವಾಗಿದ್ದೇ ಅಲ್ಲಿಂದ.

ವಯಸ್ಸಾದವರೆಲ್ಲ ಅಮ್ಮನ ಕಡೆ. ಕೊಡ ಮುಂದಿದ್ದರೆ ಪೊಲೀಸರು ಕೈ ಮುಗೀತಾರೆ, ಅಂಗಡಿಯವರು ನೀರು ಕೊಡ್ತಾರೆ, ಮರ್ಯಾದೆಯಿಂದ ಹೋಗಿ ಬರಬಹುದು ಅಂತ. ನನ್ನ ಚೇಲ ಒಪ್ಪಲಿಲ್ಲ. "ಅಮ್ಮಾ, ಕೊಡ ಹೊತ್ತರೆ ಅವರು ಕೈ ಮುಗಿಯೋದು ದೇವಿಗೆ. ನಾನು ಕೆಲಸ ಕೇಳೋಕೆ ಬರ್ತಿದೀನಿ. ದೇವಿ ಹೆಸರಲ್ಲಿ ಕೆಲಸ ಕೇಳೋಕಾಗುತ್ತಾ?" ಅಂದಳು. ಅಮ್ಮನಿಗೆ ಸಿಟ್ಟು ಬಂತು. "ಆ ದೇವಿ ಹೆಸರಲ್ಲೇ ಇಷ್ಟು ವರ್ಷ ಉಂಡಿದ್ದು" ಅಂದರು. ಇಬ್ಬರು ಹೇಳಿದ್ದರಲ್ಲೂ ಸುಳ್ಳಿಲ್ಲ. ಕೊನೆಗೆ ಕೊಡ ಬೇಡ ಅಂತ ಆಯಿತು. ಚೌಡಿಕೆ ತರುತ್ತೇನೆ, ಅದು ನನ್ನ ಕೈಯಿದ್ದ ಹಾಗೆ ಅಂತ ಅಮ್ಮ ಹಟ ಹಿಡಿದರು. ಆಯಿತು ತನ್ನಿ ಅಂದೆವು.

ಮೊದಲು ನಾವು ಅಂದುಕೊಂಡಿದ್ದು ಒಂದು ಪಾರ್ಕಿನಲ್ಲಿ ಸೇರಿ, ಅರ್ಧ ಗಂಟೆ ಮಾತಾಡಿ, ಆಮೇಲೆ ನಡೆಯೋಣ ಅಂತ. ಅಕ್ಟೋಬರ್ ಕೊನೆಯಲ್ಲಿ ಪಾರ್ಕ್ ನೋಡಿಕೊಳ್ಳುವ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರೇ. ಕುರ್ಚಿ ಕೊಟ್ಟರು. ಅರ್ಜಿ ಓದಿ, "ಹತ್ತು ಜನಕ್ಕಿಂತ ಜಾಸ್ತಿ ಆಗಲ್ಲಮ್ಮ, ಆರ್ಡರ್ ಬಂದೈತಿ" ಅಂದರು.

ಅದು ಅಕ್ಟೋಬರ್ 18ರ ಸರ್ಕಾರಿ ಆದೇಶ. ಖಾಸಗಿ ಸಂಘ-ಸಂಸ್ಥೆಗಳು ಸರ್ಕಾರಿ ಜಾಗ, ಪಾರ್ಕು, ಮೈದಾನ, ರಸ್ತೆ ಬಳಸಬೇಕಾದರೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು, ಹತ್ತಕ್ಕಿಂತ ಹೆಚ್ಚು ಜನ ಅನುಮತಿ ಇಲ್ಲದೆ ಸೇರಿದರೆ ಅದು ಅಪರಾಧ ಅಂತ. ಆರ್‌ಎಸ್‌ಎಸ್ ಶಾಖೆ, ಪಥಸಂಚಲನದ ಗಲಾಟೆ ನಡೆಯುತ್ತಿದ್ದಾಗ ಬಂದ ಆದೇಶ ಅದು. ಟಿವಿಯಲ್ಲಿ ಎರಡೂ ಕಡೆಯವರು ಅದನ್ನೇ ಹಿಡಿದು ಕಿರುಚಾಡುತ್ತಿದ್ದರು. ನಮ್ಮ ಗುಂಪಿನಲ್ಲಿ ಕೆಲವರು ಆದೇಶ ಕೇಳಿ ಖುಷಿಪಟ್ಟಿದ್ದರು, ಕೆಲವರು ಬೈದಿದ್ದರು. ಆ ಆದೇಶ ಮೊದಲು ನಮ್ಮ ಅರ್ಜಿಗೇ ಅಡ್ಡ ಬರುತ್ತೆ ಅಂತ ಎರಡೂ ಕಡೆಯವರಿಗೆ ಹೊಳೆದಿರಲಿಲ್ಲ.

ಅಕ್ಟೋಬರ್ 28ಕ್ಕೆ ಹೈಕೋರ್ಟಿನ ಧಾರವಾಡ ಪೀಠ ಆ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟಿತು. ಹುಬ್ಬಳ್ಳಿಯ ಪುನಶ್ಚೇತನ ಸೇವಾ ಸಂಸ್ಥೆ ಅನ್ನುವವರು ಹಾಕಿದ ಅರ್ಜಿ. ಪೇಪರ್ ಕಟ್ಟಿಂಗ್ ಹಿಡಿದು ಮತ್ತೆ ಹೋದೆ. ಗುಮಾಸ್ತರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಮಡಚಿ ವಾಪಸ್ ಕೊಟ್ಟರು. "ಪೇಪರಿಗೆ ಬಂದೈತಿ, ನಮಗೆ ಬಂದಿಲ್ಲ." ಆದೇಶ ಬಂದ ಮೂರ್ನಾಲ್ಕು ದಿನಕ್ಕೇ ಅವರ ಟೇಬಲ್ ಮೇಲಿತ್ತು. ಅದಕ್ಕೆ ತಡೆ ಬಿದ್ದಿದ್ದು ಮಾತ್ರ ಅಲ್ಲಿಗೆ ತಲುಪಲು ಟೈಮ್ ತಗೊಳ್ಳುತ್ತೆ. ಪಾರ್ಕು ಬಿಟ್ಟೆವು.

ಠಾಣೆಯ ಕಥೆ ಬೇರೆ. ಯಾವ ಠಾಣೆ ಅಂತ ಹೇಳುವುದಿಲ್ಲ. ನಮ್ಮವರಿಗೆ ಠಾಣೆ ಹೊಸದಲ್ಲ, ಆದರೆ ಇಷ್ಟು ದಿನ ಅವರು ಕರೆದುಕೊಂಡು ಹೋದಾಗ ಹೋಗಿದ್ದು. ನಾವಾಗೇ ಕಾಗದ ಹಿಡಿದು ಹೋದರೆ ಅವರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಬಾಗಿಲಲ್ಲಿದ್ದ ಸೆಂಟ್ರಿ "ಏನ್ ಗಲಾಟೆ?" ಅಂದರು. ಗಲಾಟೆ ಇಲ್ಲ ಸರ್, ಅರ್ಜಿ ಅಂದೆ.

ರೈಟರ್ ಸಾಹೇಬರು ಅರ್ಜಿ ತೆಗೆದುಕೊಂಡು ಪ್ರಶ್ನೆ ಕೇಳುತ್ತಾ ಹೋದರು. ಯಾವ ಸಂಘಟನೆ, ಲೆಟರ್‌ಹೆಡ್ ಇದೆಯಾ, ರಿಜಿಸ್ಟರ್ ಆಗಿದೆಯಾ? ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು? ಮೈಕ್ ಇದ್ದರೆ ಅದಕ್ಕೆ ಬೇರೆ ಅರ್ಜಿ. ಘೋಷಣೆಗಳನ್ನು ಬರೆದುಕೊಡಿ. ಇಷ್ಟನ್ನು ರೈತ ಸಂಘದವರಿಗೂ ಕೇಳುತ್ತಾರೆ, ನನಗೆ ಗೊತ್ತು. ಆಮೇಲೆ ಕೇಳಿದ್ದು ನಮಗೆ ಮಾತ್ರ.

"ಡ್ಯಾನ್ಸ್ ಗೀನ್ಸ್ ಇರುತ್ತಾ?"

"ಇಲ್ಲ ಸರ್."

"ಅಂಗಡಿಗಳಲ್ಲಿ ದುಡ್ಡು ಕೇಳ್ತೀರಾ?"

"ಇಲ್ಲ ಸರ್. ಜಾಥಾ ಇದು."

"ಅಲ್ರೀ, ನಲವತ್ತು ಜನ ಬರ್ತೀವಿ ಅಂತೀರಿ. ಅಷ್ಟು ಜನ ಅದಾರಾ ಊರಾಗೆ?"

ಜಾಸ್ತಿನೇ ಇದ್ದಾರೆ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ನಮ್ಮ ಲಾ ಹುಡುಗನಿಗೆ ತಡೆಯಲಾಗಲಿಲ್ಲ. ಶಾಂತಿಯಿಂದ, ಆಯುಧ ಇಲ್ಲದೆ ಸೇರುವುದು ಸಂವಿಧಾನದ 19(1)(ಬಿ) ಕೊಟ್ಟ ಹಕ್ಕು ಅಂದ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಾಕಿದ್ದ 144 ಸೆಕ್ಷನ್ ಕಾನೂನುಬಾಹಿರ ಅಂತ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿದೆ, ಈಗ ಅದೇ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 163 ಆಗಿದೆ ಅಂತೆಲ್ಲ ಹೇಳಿದ. ರೈಟರ್ ಸಾಹೇಬರು ಪೂರ್ತಿ ಕೇಳಿಸಿಕೊಂಡರು. "ಹಕ್ಕು ಐತಪ್ಪ, ಇಲ್ಲ ಅಂದವರ್ಯಾರು? ಟ್ರಾಫಿಕ್ಕೂ ಐತಲ್ಲ" ಅಂದರು. ಅದಕ್ಕೆ ಅವನ ಹತ್ತಿರ ತೀರ್ಪು ಇರಲಿಲ್ಲ.

ಸಿಕ್ಕಿಬಿದ್ದಿದ್ದು ಆಧಾರ್ ಹತ್ತಿರ. ಅರ್ಜಿಯಲ್ಲಿ ನನ್ನ ಈಗಿನ ಹೆಸರು, ಆಧಾರಿನಲ್ಲಿ ಅಪ್ಪ ಇಟ್ಟ ಹೆಸರು, ಮೀಸೆ ಚಿಗುರುತ್ತಿದ್ದ ಕಾಲದ ಫೋಟೊ. ಎರಡೂ ಒಬ್ಬರೇ ಅಂತ ತೋರಿಸಲು ಡಿಸಿ ಕಚೇರಿಯಿಂದ ಬಂದ ಗುರುತಿನ ಚೀಟಿ ಕೊಟ್ಟೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯಲ್ಲಿ ಕೊಡುವ ಚೀಟಿ ಅದು. ರೈಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಏನ್ ಕಾರ್ಡು?" ಅಂದರು. ವ್ಯಂಗ್ಯ ಇರಲಿಲ್ಲ ಅದರಲ್ಲಿ. ನಿಜವಾಗಿಯೂ ನೋಡಿರಲಿಲ್ಲ ಪಾಪ.

ಆ ಚೀಟಿಗೂ ಒಂದು ಕಥೆ ಇದೆ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ, ನೀನು ಯಾರು ಅಂತ ನೀನೇ ಹೇಳಿಕೊಳ್ಳಬಹುದು ಅಂದಿತ್ತು. 2016ರ ಮಸೂದೆ ಬಂದಾಗ ಅದರಲ್ಲಿ ಜಿಲ್ಲೆಗೊಂದು ಸ್ಕ್ರೀನಿಂಗ್ ಕಮಿಟಿ ಇತ್ತು. ಡಾಕ್ಟರು, ಅಧಿಕಾರಿಗಳು ಕೂತು ಇವರು ಹೌದಾ ಅಲ್ವಾ ಅಂತ ನೋಡಬೇಕಿತ್ತು. ಭಿಕ್ಷೆಗೆ ಸಂಬಂಧಿಸಿದ ಕಲಮೂ ಇತ್ತು. ದೇಶದ ತುಂಬಾ ನಮ್ಮವರು ಬೀದಿಗಿಳಿದರು. 2019ರ ನವೆಂಬರ್ 26ರಂದು ರಾಜ್ಯಸಭೆಯಲ್ಲಿ ಪಾಸಾದ ರೂಪದಲ್ಲಿ ಆ ಎರಡೂ ಇರಲಿಲ್ಲ. ಆದರೂ ಹೆಣ್ಣು ಅಥವಾ ಗಂಡು ಅಂತ ಚೀಟಿ ಬೇಕಾದರೆ ಆಪರೇಷನ್ ಆಗಿರುವ ದಾಖಲೆ ಕೇಳುತ್ತಾರೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕಮಿಟಿ ಬಿದ್ದುಹೋಗಲು ಜನ ಬೀದಿಗಿಳಿದಿದ್ದೂ ಕಾರಣ. ಅವತ್ತು ಯಾವುದೋ ಊರಿನ ಠಾಣೆ ಅವರಿಗೂ ಪರ್ಮಿಷನ್ ಕೊಟ್ಟಿರಬೇಕು. ಇಲ್ಲದಿದ್ದರೆ ನನ್ನ ಚೀಟಿಗೆ ಮೊದಲು ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಿತ್ತು.

ಕೊನೆಗೆ ಆಧಾರ್, ಚೀಟಿ ಎರಡರ ಜೆರಾಕ್ಸ್‌ಗೂ ಸಹಿ ಹಾಕಿಸಿಕೊಂಡು, ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆಸಿಕೊಂಡರು. ಏನೇ ಅಹಿತಕರ ಘಟನೆ ನಡೆದರೂ ಆಯೋಜಕರೇ ಹೊಣೆ. ಯಾರಾದರೂ ನಮ್ಮ ಮೇಲೆ ಕಲ್ಲು ಎಸೆದರೆ ಅದೂ ಅಹಿತಕರ ಘಟನೆಯೇ ತಾನೆ, ಅದಕ್ಕೂ ನಾನೇ ಹೊಣೆಯಾ ಅಂತ ಕೇಳಿದೆ. "ಸುಮ್ನೆ ಸೈನ್ ಮಾಡಮ್ಮ, ಎಲ್ಲರೂ ಮಾಡ್ತಾರೆ" ಅಂದರು. ಮಾಡಿದೆ.

ಎರಡನೇ ಸಹಿ ಬೇಕಿತ್ತು. ನಮ್ಮ ಬ್ಯಾನರ್, ಲೆಟರ್‌ಹೆಡ್, ಮನವಿ ಎಲ್ಲ ಟೈಪ್ ಮಾಡಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಅವನ ಕಡೆ ನೋಡಿದೆವು. ಅವನು ತಲೆ ತಗ್ಗಿಸಿದ. 2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಿದ್ದ ದಿನ ಎಲ್ಲರಿಗೂ ಐಸ್‌ಕ್ರೀಂ ಕೊಡಿಸಿದ್ದ ಹುಡುಗ ಅವನು. ಅವನು ಅಪರಾಧಿ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಅವನ ಮನೆ ಬಾಡಿಗೆಗೆ ಕೊಟ್ಟವರು ಸುಪ್ರೀಂ ಕೋರ್ಟ್ ಅಲ್ಲವಲ್ಲ. ನನ್ನ ಚೇಲ ಸಹಿ ಹಾಕಿದಳು.

ಬ್ಯಾನರಿಗೆ ಬಣ್ಣ ಹಚ್ಚುತ್ತಾ ಕೂತಿದ್ದ ರಾತ್ರಿ ಲಾ ಹುಡುಗ ಹಂಗೇರಿಯ ಕಥೆ ಹೇಳಿದ. ಅಲ್ಲಿ 2021ರಲ್ಲೇ ಮಕ್ಕಳ ರಕ್ಷಣೆ ಹೆಸರಲ್ಲಿ, ನಮ್ಮಂಥವರ ವಿಷಯ ಮಕ್ಕಳಿಗೆ ತೋರಿಸಬಾರದು ಅಂತ ಒಂದು ಕಾನೂನು ಬಂದಿತ್ತು. 2025ರ ಮಾರ್ಚ್ 18ರಂದು ಸಭೆ-ಮೆರವಣಿಗೆ ಕಾನೂನನ್ನೇ ತಿದ್ದಿ, ಆ ಮಕ್ಕಳ ಕಾನೂನಿಗೆ ವಿರುದ್ಧವಾದ ಮೆರವಣಿಗೆ ನಿಷೇಧ ಅಂದರು. ನಮ್ಮಂಥವರು ಪ್ರತಿ ವರ್ಷ ಮಾಡುವ ಪ್ರೈಡ್ ಮೆರವಣಿಗೆಯ ಹೆಸರು ಹೇಳುವುದೇ ಬೇಕಾಗಲಿಲ್ಲ. ನಡೆಸಿದವರಿಗಷ್ಟೇ ಅಲ್ಲ, ಸುಮ್ಮನೆ ಬಂದು ನಿಂತವರಿಗೂ 2 ಲಕ್ಷ ಫೋರಿಂಟ್‌ವರೆಗೆ ದಂಡ. ಯಾರು ಬಂದರು ಅಂತ ಕಂಡುಹಿಡಿಯಲು ಮುಖ ಗುರುತಿಸುವ ಕ್ಯಾಮೆರಾ. ಜಾರ್ಜಿಯಾದಲ್ಲೂ 2024ರಲ್ಲಿ ಕುಟುಂಬ ಮೌಲ್ಯದ ಹೆಸರಲ್ಲಿ ಇಂಥದ್ದೇ ಕಾನೂನು. ಹಂಗೇರಿಯಲ್ಲಿ ಆಮೇಲೆ ಏನಾಯಿತು ಅಂದರೆ, ರಾಜಧಾನಿ ಬುಡಾಪೆಸ್ಟಿನ ಮೇಯರ್ ಗೆರ್ಗೆಯ್ ಕರಾಚೋನಿ ಇದು ನಗರಪಾಲಿಕೆಯದೇ ಕಾರ್ಯಕ್ರಮ ಅಂತ ಘೋಷಿಸಿಬಿಟ್ಟರು. ಜೂನ್ 28ಕ್ಕೆ ಲಕ್ಷಕ್ಕೂ ಮೀರಿ ಜನ ಬಂದರು.

"ಮೇಯರೇ ಕರೆದ್ನಾ?" ಅಂತ ಅಮ್ಮ ಕೇಳಿದರು. ಹೌದಮ್ಮ ಅಂದೆವು. "ಇಲ್ಲಿ ಒಬ್ಬ ಮಾಜಿ ಕಾರ್ಪೊರೇಟರ್ ಬಂದು ನಿಂತರೂ ಸಾಕು" ಅಂದರು. ಇಬ್ಬರನ್ನು ಕರೆದಿದ್ದೆವು. ಇಬ್ಬರಿಗೂ ಅವತ್ತೇ ಮದುವೆ ಇತ್ತು.

ಪರ್ಮಿಷನ್ ಬಂದಿದ್ದು ಹಿಂದಿನ ರಾತ್ರಿ, ವಾಟ್ಸ್‌ಆಪ್‌ನಲ್ಲಿ, ಊಟದ ಹೊತ್ತಿಗೆ. ಜಗಳೂರು ಕಡೆಯವರು ಬಸ್ಸಿಗೆ ದುಡ್ಡು ಹಾಕೋದಾ ಬೇಡವಾ ಅಂತ ಅಲ್ಲಿವರೆಗೂ ಕಾಯುತ್ತಿದ್ದರು. ಕೆಲವರು ಬರಲೇ ಇಲ್ಲ. ಇಲ್ಲ ಅಂತ ಬರೆದುಕೊಟ್ಟರೆ ಕೋರ್ಟಿಗಾದರೂ ಹೋಗಬಹುದು. ಹೂಂ ಅನ್ನುವುದನ್ನೇ ಇಷ್ಟು ತಡ ಮಾಡಿದರೆ ಯಾರ ಹತ್ತಿರ ಹೋಗಿ ಏನಂತ ಹೇಳುವುದು?

ಕಾಗದದಲ್ಲಿ ಛಾಪಿಸಿದ ಷರತ್ತುಗಳು ಒಂದು ಪುಟದ ತುಂಬಾ ಇದ್ದವು. ರಸ್ತೆಯ ಎಡಬದಿಯಲ್ಲೇ ನಡೆಯಬೇಕು, ಸಂಚಾರಕ್ಕೆ ಅಡ್ಡಿ ಆಗಬಾರದು, ಪ್ರಚೋದನೆ ಮಾಡುವಂಥ ಘೋಷಣೆ ಕೂಗಬಾರದು. ಎಲ್ಲರಿಗೂ ಇರುವಂಥವು. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಕೈಯಲ್ಲಿ ಬರೆದ ಒಂದು ಸಾಲು: "ಸಭ್ಯ ಉಡುಪು ಧರಿಸತಕ್ಕದ್ದು." ನಮ್ಮವರು ಮಾರನೇ ದಿನ ರೇಷ್ಮೆ ಸೀರೆ, ಉದ್ದ ತೋಳಿನ ರವಿಕೆ, ಮುಡಿ ತುಂಬ ಮಲ್ಲಿಗೆ ಹಾಕಿಕೊಂಡು ಬಂದರು. ಅವತ್ತು ಪಿ.ಬಿ. ರಸ್ತೆಯಲ್ಲಿ ನಮ್ಮಷ್ಟು ಮೈತುಂಬ ಬಟ್ಟೆ ಹಾಕಿದವರು ಬೇರೆ ಯಾರೂ ಇರಲಿಲ್ಲ.

ಜಯದೇವ ವೃತ್ತದಲ್ಲಿ ನಾವು ಸೇರುವ ಮೊದಲೇ ಪೊಲೀಸರು ಬಂದಿದ್ದರು. ಒಬ್ಬ ಚಿಕ್ಕ ವಯಸ್ಸಿನ ಕಾನ್‌ಸ್ಟೆಬಲ್ ಮೊಬೈಲ್ ಹಿಡಿದು ಒಬ್ಬೊಬ್ಬರ ಮುಖವನ್ನೂ ವಿಡಿಯೊ ಮಾಡುತ್ತಾ ಬಂದ. ಎಲ್ಲ ಪ್ರತಿಭಟನೆಯಲ್ಲೂ ಮಾಡುತ್ತಾರೆ. ಆದರೂ ಹಿಂದಿನ ದಿನಗಳಲ್ಲಿ ಹಂಗೇರಿ ಕ್ಯಾಮೆರಾ ಕಥೆ ಕೇಳಿದವರಲ್ಲವಾ, ನಾಲ್ಕೈದು ಜನ ಸೆರಗು ಮುಖಕ್ಕೆ ಎಳೆದುಕೊಂಡರು. ನನ್ನ ಚೇಲ ಮಾತ್ರ ಕ್ಯಾಮೆರಾ ಹತ್ತಿರ ಹೋಗಿ ಕೂದಲು ಸರಿಮಾಡಿಕೊಂಡು, "ಅಣ್ಣಾ, ಈ ಕಡೆಯಿಂದ ತೆಗೀರಿ, ಚೆನ್ನಾಗಿ ಬರ್ತೀನಿ" ಅಂದಳು. ಹುಡುಗ ನಾಚಿಕೊಂಡು ಫೋನ್ ಇಳಿಸಿದ.

ಆಗ ಅಮ್ಮ ಚೌಡಿಕೆ ತೆಗೆದರು. ತಂತಿ ಒಂದು ಸಲ ಮೀಟಿ, ಗಂಟಲು ಸರಿ ಮಾಡಿಕೊಂಡು, "ಉಧೋ ಉಧೋ" ಅಂದರು. ವೃತ್ತದ ಚಿತ್ರವೇ ಬದಲಾಯಿತು. ಅಲ್ಲಿವರೆಗೂ ಮುಖ ಗಂಟಿಕ್ಕಿಕೊಂಡಿದ್ದ ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದು ಕೈ ಮುಗಿದರು. ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ ಓಡಿ ಬಂದು ಅಮ್ಮನ ಕಾಲು ಮುಟ್ಟಿ ಹತ್ತು ರೂಪಾಯಿ ಇಟ್ಟಳು, ಮಗಳಿಗೆ ಗಂಡು ಗೊತ್ತಾಗಲಿ ಅಂತ ಹರಸು ತಾಯಿ ಅಂದಳು. ಆಟೊದವರು ಹಾರ್ನ್ ನಿಲ್ಲಿಸಿದರು. ಅಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ನೋಡಿದ್ಯಾ ಅನ್ನೋ ಹಾಗೆ.

ನೋಡಿದೆ. ಖುಷಿನೂ ಆಯಿತು, ಸಂಕಟನೂ ಆಯಿತು. ಈ ಊರು ನಮ್ಮನ್ನು ಬೀದಿಯಲ್ಲಿ ಕಂಡಿಲ್ಲ ಅಂತಲ್ಲ. ಜಾತ್ರೆಯಲ್ಲಿ ಕಂಡಿದೆ, ಮದುವೆ ಮನೆಯಲ್ಲಿ ಕಂಡಿದೆ, ಮಂಡಿಪೇಟೆಯ ಅಂಗಡಿಗಳ ಮುಂದೆ ಕಂಡಿದೆ. ದೇವಿಯ ಮಕ್ಕಳು ಅಂತ ಜಾಗ ಬಿಡುತ್ತೆ. ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇದೇ ಊರು ಸ್ಟೇಟಸ್ ಹಾಕಿ ಸಂಭ್ರಮಪಟ್ಟಿತು. ಅರ್ಜಿ ಹಿಡಿದು, ಕೆಲಸ ಕೊಡಿ, ಬಾಡಿಗೆ ಮನೆ ಕೊಡಿ ಅಂತ ನಿಂತಾಗ ಮಾತ್ರ ಇವರು ಯಾಕೆ ಇಲ್ಲಿ ಅನ್ನಿಸುತ್ತೆ. ಮಸೂದೆಯ ಕರಡಿನಲ್ಲಿ ಜಾತ್ರೆಗೆ ವಿನಾಯಿತಿ, ಜಾಥಾಕ್ಕೆ ಜೈಲು ಅಂತ ಬರೆದವರು ನಮ್ಮನ್ನು ನೆನೆಸಿಕೊಂಡು ಬರೆದಿರಲ್ಲ. ಆದರೆ ನಮ್ಮ ಪರಿಸ್ಥಿತಿಯನ್ನು ಅಳತೆ ತೆಗೆದುಕೊಂಡು ಹೊಲಿದ ಹಾಗಿದೆ.

ನಡೆದೆವು. ಎಡಬದಿಯಲ್ಲೇ, ಇಬ್ಬಿಬ್ಬರ ಸಾಲಿನಲ್ಲಿ. ಒಬ್ಬ ಬೈಕಿನವನು ಏನೋ ಕೂಗಿದ, ಬರೆಯುವಂಥದ್ದಲ್ಲ. ಹೆಡ್ ಕಾನ್‌ಸ್ಟೆಬಲ್ ಅವನ ಗಾಡಿ ನಂಬರ್ ಬರೆದುಕೊಂಡರು, ಅದನ್ನೂ ಹೇಳಬೇಕು. ಎಸಿ ಕಚೇರಿಯಲ್ಲಿ ಮನವಿ ತೆಗೆದುಕೊಂಡರು, ನಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಕೊಟ್ಟರು. ಮನವಿಯಲ್ಲಿ ಮೀಸಲಾತಿ, ಗುರುತಿನ ಚೀಟಿ, ಬಾಡಿಗೆ ಮನೆ, ಕೊನೆಗೆ ಜನಸಂದಣಿ ಮಸೂದೆಯಿಂದ ಸಣ್ಣ ಶಾಂತಿಯುತ ಸಭೆಗಳನ್ನು ಕೈಬಿಡಬೇಕು ಅಂತ.

ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಠಾಣೆಯಿಂದ ಫೋನ್ ಬಂತು. ಜಾಥಾಕ್ಕೆ ಬಂದವರ ಹೆಸರು, ವಿಳಾಸ, ಫೋನ್ ನಂಬರಿನ ಪಟ್ಟಿ ಕೊಡಿ, ಫೈಲಿಗೆ ಬೇಕು ಅಂತ. ಮಾತು ನಯವಾಗಿತ್ತು. ಆದರೆ ಪಟ್ಟಿ ಅಂದ ಕೂಡಲೇ ಅಮ್ಮನ ಮುಖ ಬಿಳಿಚಿಕೊಂಡಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಮು ಸೇರಿಸಿದ್ದರು. ನಮ್ಮಂಥವರಲ್ಲಿ ಅನುಮಾನ ಬಂದವರ ಹೆಸರು, ವಾಸದ ಜಾಗ ರಿಜಿಸ್ಟರಿನಲ್ಲಿ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಡುವ ಕಲಮು. ಬ್ರಿಟಿಷರ 1871ರ ಕಾಯ್ದೆಯಲ್ಲೂ ಇಂಥ ರಿಜಿಸ್ಟರ್ ಇತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಕಲಮಿನಿಂದ ನಮ್ಮನ್ನು ಹೆಸರಿಸಿದ್ದ ಪದ ತೆಗೆದರು. ದಾವಣಗೆರೆಯಲ್ಲಿ ಕಮಿಷನರ್ ಇಲ್ಲ, ಎಸ್‌ಪಿ ಇರೋದು, ಅದು ಇಲ್ಲಿಗೆ ತಾಗುತ್ತಲೇ ಇರಲಿಲ್ಲ ಅಂತ ಲಾ ಹುಡುಗ ವಿವರಿಸಿದ. ಅಮ್ಮ ಕೇಳಿಸಿಕೊಳ್ಳಲಿಲ್ಲ. "ಯಾರ ಹೆಸರೂ ಕೊಡಬ್ಯಾಡ" ಅಂದರು ಅಷ್ಟೇ.

ನಾವು ಬರೆದುಕೊಟ್ಟಿದ್ದು ನಾಲ್ಕು ಸಾಲು. ಅನುಮತಿ ಪತ್ರದ ಷರತ್ತುಗಳಲ್ಲಿ ಪಟ್ಟಿ ಕೊಡಬೇಕು ಅಂತ ಇಲ್ಲ. ಆಯೋಜಕರ ಹೆಸರು, ವಿಳಾಸ, ಸಹಿ ಈಗಾಗಲೇ ನಿಮ್ಮಲ್ಲಿದೆ. ಬಂದವರ ಪಟ್ಟಿ ನಾವು ಮಾಡಿಲ್ಲ. ಯಾವ ಕಾನೂನಿನಲ್ಲಿ ಕೇಳುತ್ತಿದ್ದೀರಿ ಅಂತ ಬರೆದು ತಿಳಿಸಿ. ಅರ್ಜಿಗೆ ಸಹಿ ಹಾಕಿದ್ದ ನಾನು, ನನ್ನ ಚೇಲ ಇಬ್ಬರೂ ಹೋಗಿ ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಬಂದೆವು. ರೈಟರ್ ಸಾಹೇಬರು ಓದಿ, "ಲಾಯರ್ ಹುಡುಗ ಬರೆದಿದ್ದಾ?" ಅಂತ ನಕ್ಕರು. ಮತ್ತೆ ಫೋನ್ ಬಂದಿಲ್ಲ.

ಮುಂದಿನ ಸಲದ ಅರ್ಜಿಯನ್ನು ಬ್ಯಾಂಕಿನ ಹುಡುಗ ಈಗಲೇ ಟೈಪ್ ಮಾಡಿಟ್ಟಿದ್ದಾನೆ. ಆಯೋಜಕರ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾನೆ. ಎಸಿ ಕಚೇರಿಗೆ ಆಮೇಲೆ ನೋಡೋಣ, ಮೊದಲು ಆ ಪಾರ್ಕಿಗೇ ಕೇಳೋಣ ಅಂತ ಇದ್ದೇವೆ. ಹೈಕೋರ್ಟ್ ತಡೆಯ ಪ್ರತಿಯನ್ನು ಈ ಸಲ ನಾವೇ ಲಗತ್ತಿಸುತ್ತೇವೆ.